ಪೋಸ್ಟ್ ಮಾಸ್ಟರ್ ಎಲ್ಲಿ ಹೋದರು?

ಬಹಳ ದಿನಗಳಾಯಿತು ಏನಾದರೂ ಬರೆದು. ಆಫೀಸಿನಲ್ಲಿ ಕೆಲಸ ಜಾಸ್ತಿ ಎಂಬ ಹಳೇ ನೆಪ ಇದ್ದೇ ಇದೆ, ಆದರೆ ಈ ಸಲ ನಿಜವಾದ ಕಾರಣ ಬೇರೆ. ಕಳೆದ ನಲವತ್ತಮೂರು ದಿನಗಳಿಂದ ನಾನು ಒಂದು ಮಿಂಚಂಚೆ ಕಂಪನಿಯ ಜೊತೆ ಜಗಳ ಆಡುತ್ತಿದ್ದೇನೆ. ಜಗಳ ಅಂದರೆ ಎರಡೂ ಕಡೆಯವರು ಮಾತಾಡಬೇಕು ತಾನೆ? ಇಲ್ಲಿ ಮಾತಾಡುತ್ತಿರುವವನು ನಾನೊಬ್ಬನೇ. ಕಂಪನಿಯ ಹೆಸರು ಬೇಡ ಬಿಡಿ, ಹೆಸರು ಹೇಳಿದರೂ ಅವರಿಗೇನೂ ಕೇಳಿಸುವುದಿಲ್ಲ.

ವಿಷಯ ಇಷ್ಟು. 2003ರಿಂದ 2008ರ ತನಕ, ನಾನು ಪ್ರೈಮರಿ ಶಾಲೆಯಲ್ಲಿದ್ದಾಗ, ನಮ್ಮಜ್ಜ ತಿಂಗಳಿಗೊಂದು ಸಲ ಅಪ್ಪನ ಜೊತೆ ಸಾಗರ ಪೇಟೆಗೆ ಬರುತ್ತಿದ್ದರು. ಮೊದಲು ಅಡಿಕೆ ಮಂಡಿ, ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆ. ಮಸಾಲೆ ದೋಸೆಯ ಆಸೆಗೆ ನಾನೂ ಜೊತೆಗೆ ಹೊರಡುತ್ತಿದ್ದೆ. ಚಿಕ್ಕಪ್ಪ ಆಗ ನ್ಯೂಜೆರ್ಸಿಯಲ್ಲಿದ್ದರು. ಅಜ್ಜ ಕುರ್ಚಿಯ ಪಕ್ಕ ನಿಂತುಕೊಂಡು (ಕೂತರೆ ಮಾತು ಹೊರಡುವುದಿಲ್ಲ ಅನ್ನುತ್ತಿದ್ದರು) ಹೇಳುತ್ತಾ ಹೋಗುವುದು, ಅಪ್ಪ ಎರಡೇ ಬೆರಳಿನಲ್ಲಿ ಟೈಪ್ ಮಾಡುವುದು. ಈ ಸಲ ಕೊಳೆರೋಗ ಎಷ್ಟು ಮರಕ್ಕೆ ಬಂತು, ಗೌರಿ ಎಂಥ ಕರು ಹಾಕಿತು, ಯಾರ ಮನೆಯ ಮದುವೆಯಲ್ಲಿ ಊಟ ಸಾಲಲಿಲ್ಲ, ಎಲ್ಲ ಬರುತ್ತಿತ್ತು. ಕೊನೆಯಲ್ಲಿ ಮಾತ್ರ ಇನ್‌ಲ್ಯಾಂಡ್ ಲೆಟರಿನ ಧಾಟಿಯಲ್ಲೇ ಕ್ಷೇಮ ಸಮಾಚಾರ, ಆಶೀರ್ವಾದ. ಕೆಫೆಯ ಕಂಪ್ಯೂಟರಿನಲ್ಲಿ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ಎಲ್ಲ ಇಂಗ್ಲಿಷ್ ಅಕ್ಷರದ ಕನ್ನಡ. 'ಮಳೆ'ಯೂ 'ಮಲೆ'ಯೂ ಒಂದೇ ಆಗಿ ಚಿಕ್ಕಪ್ಪ ಎಷ್ಟು ಸಲ ತಲೆ ಕೆರೆದುಕೊಂಡಿದ್ದರೋ!

ಅಜ್ಜ 2009ರಲ್ಲಿ ಹೋದರು. ಚಿಕ್ಕಪ್ಪ ಆ ಪತ್ರಗಳನ್ನೆಲ್ಲ ತರಿಸಿಕೊಳ್ಳುತ್ತಿದ್ದದ್ದು ಆಫೀಸಿನ ವಿಳಾಸಕ್ಕೆ. ಅದೇ ಹೊತ್ತಿಗೆ ಬಂದ ಆರ್ಥಿಕ ಹಿಂಜರಿತದಲ್ಲಿ ಕೆಲಸವೂ ಹೋಯಿತು, ವಿಳಾಸವೂ ಹೋಯಿತು. ಉಳಿದದ್ದು ಅಪ್ಪನ ಖಾತೆಯಲ್ಲಿನ 'ಕಳಿಸಿದ್ದು' ಎಂಬ ಕಡತ ಒಂದೇ. ಈ ವರ್ಷ ಚಿಕ್ಕಪ್ಪನಿಗೆ ಅರವತ್ತು. ಶಾಂತಿಯ ದಿನ ಅಜ್ಜನ ಪತ್ರಗಳನ್ನೆಲ್ಲ ಕನ್ನಡ ಲಿಪಿಗೆ ತಂದು, ಒಂದು ಪುಸ್ತಕ ಮಾಡಿ ಕೈಗಿಡೋಣ ಅಂತ ನಾನೂ ಅಪ್ಪನೂ ಗುಟ್ಟಾಗಿ ಮಾತಾಡಿಕೊಂಡೆವು.

ಅಪ್ಪನಿಗೆ ಪಾಸ್‌ವರ್ಡ್ ನೆನಪಿತ್ತು. ಮೂರು ವರ್ಷದ ಹಿಂದಿನ ತನಕ ಆಗೀಗ ಒಳಗೆ ಹೋಗಿ ನೋಡಿದ್ದರು ಕೂಡ. ಹಾಕಿದೆವು, ಸರಿಯಾಗಿತ್ತು. ಆದರೆ ಅದು ಹೇಳಿದ್ದು: ಈ ಸಾಧನದ ಪರಿಚಯ ನಮಗಿಲ್ಲ, ನಿಮ್ಮ ಇನ್ನೊಂದು ವಿಳಾಸಕ್ಕೆ ಸಂಕೇತ ಕಳಿಸಿದ್ದೇವೆ, ಅದನ್ನು ಇಲ್ಲಿ ತುಂಬಿ. ಆ ಇನ್ನೊಂದು ವಿಳಾಸ ಯಾವುದು ಅಂತ ಊಹಿಸಿದಿರಾ? ಹೌದು, ಚಿಕ್ಕಪ್ಪನ ಆಫೀಸಿನದ್ದು. ಖಾತೆ ತೆರೆಯುವಾಗ ಅಪ್ಪನಿಗೆ ಗೊತ್ತಿದ್ದ ಇನ್ನೊಂದು ವಿಳಾಸ ಈ ಭೂಮಿಯ ಮೇಲೆ ಅದೊಂದೇ.

ಅಲ್ಲಿಂದ ಶುರು. ಸಹಾಯ ಪುಟದಲ್ಲಿ ಒಂದು ಅರ್ಜಿ. ಖಾತೆ ತೆರೆದ ತಿಂಗಳು ಯಾವುದು, ಕೊನೆಗೆ ಯಾರ್ಯಾರಿಗೆ ಬರೆದಿರಿ ಎಂಬಂಥ ಪ್ರಶ್ನೆಗಳು. ತುಂಬಿ ಕಳಿಸಿದ ನಾಲ್ಕು ನಿಮಿಷಕ್ಕೆ ಉತ್ತರ: ನಿಮ್ಮ ಸಮಸ್ಯೆ ನಮಗೆ ಮುಖ್ಯ. ಎರಡು ದಿನ ಬಿಟ್ಟು ಇನ್ನೊಂದು: ಒದಗಿಸಿದ ಮಾಹಿತಿ ಸಾಲದು, ದೂರನ್ನು ಮುಚ್ಚಲಾಗಿದೆ, ಹೆಚ್ಚಿನ ಸಹಾಯಕ್ಕೆ ಇಲ್ಲಿ ಒತ್ತಿ. ಒತ್ತಿದರೆ ಅದೇ ಅರ್ಜಿ. ಹೀಗೆ ಆರು ಸುತ್ತು. ಫೋನ್ ನಂಬರೇ ಇಲ್ಲ. (ಅಂದ ಹಾಗೆ, ಹುಡುಕಿದರೆ ಸಿಗುವ 'ಕಸ್ಟಮರ್ ಕೇರ್' ನಂಬರುಗಳಿಗೆ ದಯವಿಟ್ಟು ಯಾರೂ ಫೋನ್ ಮಾಡಬೇಡಿ. ಅದರಲ್ಲಿ ಬಹಳಷ್ಟು ನಿಮ್ಮ ಬ್ಯಾಂಕ್ ಖಾತೆ ಖಾಲಿ ಮಾಡುವವರದ್ದು.)

ಅಪ್ಪನಿಗೆ ಇದು ಅರ್ಥವೇ ಆಗಲಿಲ್ಲ. ನಮ್ಮೂರ ಅಂಚೆ ಕಚೇರಿ ಇರುವುದು ಪೋಸ್ಟ್ ಮಾಸ್ಟರ್ ಮನೆಯ ಜಗಲಿಯಲ್ಲಿ. ಅವರಿಗೂ ಎರಡೆಕರೆ ತೋಟ ಇದೆ. ಬೆಳಿಗ್ಗೆ ಸೀಲು ಹೊಡೆದು, ಮಧ್ಯಾಹ್ನ ಕೊಟ್ಟಿಗೆಗೆ ಸೊಪ್ಪು ತರುವ ಮನುಷ್ಯ. ಪತ್ರ ಬರಲಿಲ್ಲ ಅಂದರೆ ಹೋಗಿ ಕೇಳಬಹುದು, ಬೈಯಬಹುದು, ಬೈದ ಮೇಲೆ ಕಾಫಿ ಕುಡಿದು ಬರಬಹುದು. "ಅಲ್ಲಿ ಪೋಸ್ಟ್ ಮಾಸ್ಟರ್ ಅಂತ ಯಾರೂ ಇರೋದಿಲ್ವೇನೋ?" ಅಂತ ಅಪ್ಪ ಕೇಳಿದರು.

ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಯಾಕೆಂದರೆ ಇದ್ದಾರೆ! ಇರಲೇಬೇಕು ಅಂತ ನಿಯಮವೇ ಇದೆ. ಇಂಜಿನಿಯರಿಂಗ್ ಓದುವಾಗ ನೆಟ್‌ವರ್ಕ್ಸ್ ಪರೀಕ್ಷೆಗೆ ಉರು ಹೊಡೆದು ಮರೆತಿದ್ದನ್ನು ಈ ಸಿಟ್ಟಿನಲ್ಲಿ ಮತ್ತೆ ಕೂತು ಓದಿದೆ. ಓದಿದ್ದನ್ನು ಇಲ್ಲಿ ಹೇಳಿಕೊಳ್ಳದಿದ್ದರೆ ಸಮಾಧಾನವಿಲ್ಲ.

ತೀರಾ ಆರಂಭಕ್ಕೆ ಹೋಗುವುದು ಬೇಡ. 1965ರಲ್ಲಿ ಅಮೆರಿಕದ ಎಂಐಟಿಯಲ್ಲಿ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮಾರಿಸ್ ಎಂಬಿಬ್ಬರು ಒಂದೇ ಕಂಪ್ಯೂಟರನ್ನು ಹಂಚಿಕೊಂಡು ಬಳಸುವವರಿಗಾಗಿ ಮೇಲ್ ಎಂಬ ಪ್ರೋಗ್ರಾಂ ಬರೆದರು. 1971ರಲ್ಲಿ ರೇ ಟಾಮ್ಲಿನ್‌ಸನ್, ಬಿಬಿಎನ್ ಕಂಪನಿಯ ಇಂಜಿನಿಯರ್, ಅದನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸಿದ. ಎರಡೂ ಅಕ್ಕಪಕ್ಕದಲ್ಲೇ ಇದ್ದವು, ಆದರೆ ಮಧ್ಯದ ದಾರಿ ಅರ್ಪಾನೆಟ್. ಹೆಸರು ಮತ್ತು ಯಂತ್ರದ ನಡುವೆ @ ಚಿಹ್ನೆ ಇಟ್ಟವನೂ ಅವನೇ. ಮೊದಲ ಸಂದೇಶದಲ್ಲಿ ಏನು ಬರೆದಿದ್ದೆ ಎಂಬುದು ಅವನಿಗೇ ನೆನಪಿರಲಿಲ್ಲ. ಊರಿಂದೂರಿಗೆ ಹೋದ ಮೊಟ್ಟಮೊದಲ ಮಿಂಚಂಚೆಯೇ ಕಳೆದುಹೋಗಿದೆ ಅನ್ನಿ :-)

ನನಗೆ ಬೇಕಾದ ಕಥೆ ಶುರುವಾಗುವುದು 1982ರ ಆಗಸ್ಟ್‌ನಲ್ಲಿ. ಅಂತರ್ಜಾಲದ ನಿಯಮಗಳನ್ನು ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಅಂತ ಹೆಸರು, 'ಅಭಿಪ್ರಾಯ ತಿಳಿಸಿ ಎಂಬ ವಿನಂತಿ' ಎಂದು ಅರ್ಥ. ವಿನಂತಿ ಅಂತ ಹೆಸರಿಟ್ಟುಕೊಂಡು ಕಾನೂನು ಬರೆದ ಜನ ಅವರು. ಆ ತಿಂಗಳು ಎರಡು ದಾಖಲೆಗಳು ಬಂದವು. 821ನೆಯದನ್ನು ಬರೆದವನು ಜಾನ್ ಪೋಸ್ಟೆಲ್ (ಹೆಸರಿನಲ್ಲೇ ಪೋಸ್ಟ್!), 822ನೆಯದನ್ನು ಬರೆದವನು ಡೇವಿಡ್ ಕ್ರಾಕರ್. ಮೊದಲನೆಯದು ಮೇಲ್ ಹೇಗೆ ದಾಟಿಸಬೇಕು ಎಂಬುದು, ಅದೇ ಎಸ್‌ಎಂಟಿಪಿ. ಎರಡನೆಯದು ಮೇಲ್ ನೋಡಲು ಹೇಗಿರಬೇಕು ಎಂಬುದು.

ದಾಟಿಸುವ ಕ್ರಮ ನೋಡಿದರೆ ಇಬ್ಬರು ಅಂಚೆಯವರು ಗಡಿಯಲ್ಲಿ ನಿಂತು ಚೀಲ ಬದಲಾಯಿಸಿಕೊಂಡ ಹಾಗಿದೆ. ಕಳಿಸುವ ಯಂತ್ರ ಮೊದಲು ಹಲೋ ಹೇಳುತ್ತದೆ (ನಿಜವಾಗಿಯೂ, ನಾಲ್ಕೇ ಅಕ್ಷರದಲ್ಲಿ). ಯಾರಿಂದ, ಯಾರಿಗೆ ಅಂತ ಹೇಳುತ್ತದೆ. ಆಮೇಲೆ ಒಕ್ಕಣೆ ಪೂರ್ತಿ ಓದಿ, ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ ಇಟ್ಟು ಸುಮ್ಮನಾಗುತ್ತದೆ. ಎದುರಿನ ಯಂತ್ರ '250 ಓಕೆ' ಅನ್ನುತ್ತದೆ. ಈ 250 ಎಂಬ ಅಂಕಿಯನ್ನು ದಯವಿಟ್ಟು ನೆನಪಿಡಿ. ಅದು ಬರೀ 'ಹ್ಞೂಂ' ಅಲ್ಲ. ಆ ಕ್ಷಣದಿಂದ ಪತ್ರದ ಜವಾಬ್ದಾರಿ ಪೂರ್ತಿ ಪಡೆದವನದ್ದು. ಒಂದೋ ಅವನು ತಲುಪಿಸಬೇಕು, ಇಲ್ಲವೇ ತಲುಪಿಸಲು ಆಗಲಿಲ್ಲ ಎಂದು ಕಾರಣ ಸಹಿತ ವಾಪಸ್ ತಿಳಿಸಬೇಕು. ಮೂರನೆಯ ದಾರಿಯೇ ಇಲ್ಲ. 1989ರಲ್ಲಿ ಇದನ್ನು ಇನ್ನಷ್ಟು ಬಿಗಿ ಮಾಡಿದರು: ಯಂತ್ರ ಕೆಟ್ಟು ನಿಂತಿತು ಎಂಬಂಥ ಕ್ಷುಲ್ಲಕ ಕಾರಣಕ್ಕೆ ಒಪ್ಪಿಕೊಂಡ ಪತ್ರ ಕಳೆಯಕೂಡದು. ಎದುರಿನವನು ಸಿಗದಿದ್ದರೆ ಕನಿಷ್ಠ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನ ಮಾಡಬೇಕು. ಯಂತ್ರ ಕೆಡುವುದನ್ನೇ ಕ್ಷುಲ್ಲಕ ಕಾರಣ ಅಂದವರು! ಓದುತ್ತಾ ನನಗೆ ರೋಮಾಂಚನವಾಯಿತು. ನಮ್ಮ ಟೀಮಿನಲ್ಲಿ ಸರ್ವರ್ ಬಿದ್ದರೆ ಅದೇ ದೊಡ್ಡ ಸಬೂಬು.

ವಾಪಸ್ ಬರುವ ಆ ಪತ್ರವೇ ಬೌನ್ಸ್. ಕಳಿಸುವವರ ಜಾಗದಲ್ಲಿ 'ಮೈಲರ್ ಡೀಮನ್' ಅಂತ ಇರುತ್ತದಲ್ಲ, ಅದು. ಸೈಬರ್ ಕೆಫೆಯಲ್ಲಿ ಒಮ್ಮೆ ಅದು ಬಂದಾಗ ಅಪ್ಪ ವೈರಸ್ ಅಂತ ಹೆದರಿ ಕಂಪ್ಯೂಟರೇ ಆರಿಸಿದ್ದರು. ಪಾಪ, ಡೀಮನ್ ಅಂದರೆ ಹಿನ್ನೆಲೆಯಲ್ಲಿ ತನ್ನ ಪಾಡಿಗೆ ತಾನು ದುಡಿಯುವ ಪ್ರೋಗ್ರಾಂ ಅಷ್ಟೇ. ಈಗ ಅನ್ನಿಸುತ್ತದೆ, ಅಷ್ಟು ಪ್ರಾಮಾಣಿಕ ಪ್ರಾಣಿ ಇನ್ನೊಂದಿರಲಿಲ್ಲ. ಆಗಲಿಲ್ಲ ಅಂತ ಹೇಳಲಿಕ್ಕಾದರೂ ವಾಪಸ್ ಬರುತ್ತಿತ್ತು.

ಇನ್ನು 822. ಅದರಲ್ಲಿ ವಿಳಾಸದ ನಿಯಮಗಳ ಮಧ್ಯೆ ಒಂದು ಸಣ್ಣ ಪ್ಯಾರಾ ಇದೆ. ಒಂದು ಊರಿನಲ್ಲಿ ಯಾರ ವಿಳಾಸವೂ ಗೊತ್ತಿಲ್ಲದಿದ್ದರೂ ಅಲ್ಲಿಗೆ ಬರೆಯಬೇಕಾಗಬಹುದು, ಏನೋ ಕೆಟ್ಟಿದೆ ಅಂತ ಹೇಳಬೇಕಾಗಬಹುದು. ಆದ್ದರಿಂದ ಮೇಲ್ ಇರುವ ಪ್ರತಿಯೊಂದು ತಾಣದಲ್ಲೂ ಒಂದು ವಿಳಾಸ ಇರಲೇಬೇಕು, ಅದಕ್ಕೆ ಬಂದದ್ದು ಅಲ್ಲಿನ ಮೇಲ್ ವ್ಯವಸ್ಥೆಗೆ ಜವಾಬ್ದಾರನಾದ ಒಬ್ಬ ವ್ಯಕ್ತಿಗೆ ತಲುಪಬೇಕು. ವಿಳಾಸದ ಹೆಸರು: ಪೋಸ್ಟ್ ಮಾಸ್ಟರ್. ಗಮನಿಸಿ, ವ್ಯಕ್ತಿಗೆ! ಪ್ರೋಗ್ರಾಂಗೆ ಅಲ್ಲ, ಅರ್ಜಿಗೆ ಅಲ್ಲ. ದೊಡ್ಡಕ್ಷರ ಸಣ್ಣಕ್ಷರ ಹೇಗೆ ಬರೆದರೂ ಸ್ವೀಕರಿಸಬೇಕು ಅಂತಲೂ ಸೇರಿಸಿದ್ದಾರೆ. ಉದಾಹರಣೆಗೆ ಆ ಪದವನ್ನು ಅಲ್ಲೊಂದು ಇಲ್ಲೊಂದು ದೊಡ್ಡಕ್ಷರ ಹಾಕಿ ಕುಡಿದವನು ಟೈಪ್ ಮಾಡಿದ ಹಾಗೆ ಬರೆದು ತೋರಿಸಿದ್ದಾರೆ. ತಾಂತ್ರಿಕ ದಾಖಲೆಯೊಂದರಲ್ಲಿ ಇಷ್ಟು ಮನುಷ್ಯತ್ವ ನಾನು ಬೇರೆಲ್ಲೂ ಕಂಡಿಲ್ಲ.

ಪೋಸ್ಟ್ ಮಾಸ್ಟರ್ ಅನ್ನುವವನು ನಿಜಕ್ಕೂ ಹೇಗಿದ್ದ ಅನ್ನುವುದಕ್ಕೆ ಒಂದು ಕಥೆ. ಟ್ರೇ ಹ್ಯಾರಿಸ್ ಎಂಬಾತ 2002ರಲ್ಲಿ ಬರೆದುಕೊಂಡಿದ್ದು, ನಡೆದದ್ದು ಅದಕ್ಕೂ ಕೆಲವು ವರ್ಷ ಹಿಂದೆ. ನಮ್ಮ ವೃತ್ತಿಯವರಲ್ಲಿ ಹಲವರಿಗೆ ಗೊತ್ತಿರುತ್ತದೆ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಅವನು ಅಮೆರಿಕದ ಒಂದು ವಿಶ್ವವಿದ್ಯಾಲಯದ ಮೇಲ್ ನೋಡಿಕೊಳ್ಳುತ್ತಿದ್ದ. ಒಂದು ದಿನ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರ ಫೋನ್ ಬಂತು. ದೂರು ಏನೆಂದರೆ, ನಮ್ಮ ವಿಭಾಗದಿಂದ ಐನೂರು ಮೈಲಿಗಿಂತ ಆಚೆಗೆ ಮೇಲ್ ಹೋಗುತ್ತಿಲ್ಲ! ನೀವೇ ಹೇಳಿ, ನಾವಾದರೆ ಏನು ಮಾಡುತ್ತಿದ್ದೆವು? ಮಿಂಚಂಚೆಗೆ ಮೈಲಿಗಲ್ಲೇ? ನಕ್ಕು ಫೋನಿಡುತ್ತಿದ್ದೆವು. ಆದರೆ ಅವರು ಸಂಖ್ಯಾಶಾಸ್ತ್ರದವರು, ಕೆಲವು ದಿನ ಅಂಕಿಅಂಶ ಕಲೆಹಾಕಿಯೇ ಫೋನ್ ಮಾಡಿದ್ದರು. ಹ್ಯಾರಿಸ್ ತಾನೇ ಕೂತು ಪರೀಕ್ಷೆ ಮಾಡಿದ. ಪ್ರಿನ್ಸ್‌ಟನ್‌ಗೆ ಹೋಯಿತು. 420 ಮೈಲಿ ದೂರದ ನ್ಯೂಯಾರ್ಕಿಗೂ ಹೋಯಿತು. 580 ಮೈಲಿ ದೂರದ ಪ್ರಾವಿಡೆನ್ಸ್‌ಗೆ ಹೋಗಲಿಲ್ಲ.

ಕಾರಣ ಕೊನೆಗೆ ಸಿಕ್ಕಿತು. ಯಾರೋ ಸಲಹೆಗಾರ ಬಂದು ಆ ಸರ್ವರಿನ ಆಪರೇಟಿಂಗ್ ಸಿಸ್ಟಂ ಹೊಸದು ಮಾಡಿ ಹೋಗಿದ್ದ. ಅದರ ಜೊತೆ ಸೆಂಡ್‌ಮೇಲ್ ಎಂಬ ಮೇಲ್ ತಂತ್ರಾಂಶ ಮಾತ್ರ ಹಳೆಯ ಆವೃತ್ತಿಗೆ ಇಳಿದಿತ್ತು. ಹೊಸದಕ್ಕಾಗಿ ಬರೆದ ಸೂಚನೆಗಳು ಹಳೆಯದಕ್ಕೆ ಅರ್ಥವಾಗದೆ, ಎದುರಿನ ಯಂತ್ರಕ್ಕಾಗಿ ಎಷ್ಟು ಹೊತ್ತು ಕಾಯಬೇಕು ಎಂಬಲ್ಲಿ ಸೊನ್ನೆ ಬಂದಿತ್ತು. ಸೊನ್ನೆ ಅಂದರೂ ಆ ಯಂತ್ರದಲ್ಲಿ ಸುಮಾರು ಮೂರು ಮಿಲಿಸೆಕೆಂಡ್. ಅಷ್ಟರಲ್ಲಿ ಬೆಳಕು ಎಷ್ಟು ದೂರ ಹೋಗುತ್ತದೆ ಅಂತ ಅವನು ಲೆಕ್ಕ ಹಾಕಿದ. 558 ಮೈಲಿ ಚಿಲ್ಲರೆ.

ಈ ಕಥೆಯನ್ನು ಎಲ್ಲರೂ ಬೆಳಕಿನ ವೇಗದ ತಮಾಷೆಗೆ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಈ ನಲವತ್ತಮೂರು ದಿನ ಆದ ಮೇಲೆ ನನಗೆ ಬೆರಗು ಹುಟ್ಟಿಸುವುದು ಬೇರೆ. ಇಂಥ ಹುಚ್ಚು ದೂರು ಹೊತ್ತು ಬಂದ ಮನುಷ್ಯನಿಗೆ ಮಾತಾಡಲು ಒಂದು ಫೋನ್ ನಂಬರ್ ಇತ್ತು. ಆ ಕಡೆ ಎತ್ತಿಕೊಂಡವನು ನಂಬದಿದ್ದರೂ ಪರೀಕ್ಷೆ ಮಾಡಿ ನೋಡಿದ. ಇವತ್ತಿನ ಅರ್ಜಿಯಲ್ಲಿ 'ಐನೂರು ಮೈಲಿ' ಎಂಬ ಆಯ್ಕೆ ಇರುವುದಿಲ್ಲ, 'ಇತರೆ' ಅಂತ ಒತ್ತಬೇಕು.

ನಮ್ಮ ದೇಶದ ಕಥೆಯೂ ಮೊದಲು ಹೀಗೇ ಇತ್ತು. 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಲ್ಲಿ ಮೊದಲಿಗೆ ಇದ್ದದ್ದು ಎಂಟೇ ಸಂಸ್ಥೆಗಳು: ಐದು ಐಐಟಿಗಳು, ಮುಂಬೈನ ಎನ್‌ಸಿಎಸ್‌ಟಿ, ದಿಲ್ಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಟೆಲಿಫೋನ್ ತಂತಿಯಲ್ಲಿ ಒಂದು ಯಂತ್ರ ಇನ್ನೊಂದಕ್ಕೆ ಡಯಲ್ ಮಾಡಿ, ಕೂಡಿಟ್ಟ ಮೇಲನ್ನೆಲ್ಲ ಒಟ್ಟಿಗೆ ದಾಟಿಸುತ್ತಿತ್ತು. ಪತ್ರ ತಲುಪದಿದ್ದರೆ ಯಾರನ್ನು ಕೇಳಬೇಕೆಂದು ಎಲ್ಲರಿಗೂ ಗೊತ್ತಿರುತ್ತಿತ್ತು, ಇದ್ದವರೇ ಅಷ್ಟು ಜನ. ಸಾರ್ವಜನಿಕರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಗ ಮೇಲ್ ವಿಳಾಸ ಬೇಕೆಂದರೆ ದುಡ್ಡು ಕಟ್ಟಬೇಕಿತ್ತು. ದುಡ್ಡು ಕಟ್ಟಿದವನು ಕೌಂಟರಿಗೆ ಹೋಗಿ ಕಿರುಚಬಹುದಿತ್ತು.

ಎಲ್ಲ ಬದಲಾದದ್ದು ಅದು ಪುಕ್ಕಟೆ ಆದಾಗ. ಬದಲಾಯಿಸಿದವರಲ್ಲಿ ಒಬ್ಬರು ನಮ್ಮೂರಿನವರೇ. ಸಬೀರ್ ಭಾಟಿಯಾ ಬೆಳೆದದ್ದು ಬೆಂಗಳೂರಿನಲ್ಲಿ. ಅಮೆರಿಕದಲ್ಲಿ ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ತೆರೆದರು. ಅಮೆರಿಕದ ಸ್ವಾತಂತ್ರ್ಯ ದಿನವನ್ನೇ ಆರಿಸಿದ್ದು ಬೇಕೆಂದೇ: ಕಂಪನಿಯ, ಕಾಲೇಜಿನ ಹಂಗಿಲ್ಲದೆ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಮೇಲ್ ನೋಡಬಹುದು. ಒಂದೂವರೆ ವರ್ಷದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದರು, 1997ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಸುಮಾರು ನಲವತ್ತು ಕೋಟಿ ಡಾಲರಿಗೆ ಅದನ್ನು ಕೊಂಡಿತು. ಇದನ್ನು ನಾನು ಹಳಿಯುತ್ತಿಲ್ಲ. ಈ ಪುಕ್ಕಟೆ ಮೇಲ್ ಇಲ್ಲದಿದ್ದರೆ ಸಾಗರದ ಅಡಿಕೆ ಬೆಳೆಗಾರರೊಬ್ಬರು ನ್ಯೂಜೆರ್ಸಿಯ ಮಗನಿಗೆ ಗೌರಿಯ ಕರುವಿನ ವಿಷಯ ಹೇಳಲು ಆಗುತ್ತಿರಲಿಲ್ಲ. ಆದರೆ ಎಂಬತ್ತು ಲಕ್ಷ ಜನರ ಪೋಸ್ಟ್ ಮಾಸ್ಟರ್ ಆಗಲು ಯಾರಿಗೆ ತಾನೇ ಸಾಧ್ಯ? ಅಲ್ಲದೆ ಅಲ್ಲಿ ಗಿರಾಕಿ ನಾವಲ್ಲ, ಜಾಹೀರಾತು ಕೊಡುವವರು. ಜಗತ್ತಿನಲ್ಲಿ ಗಿರಾಕಿ ಅಲ್ಲದವನಿಗೆ ಗಿರಾಕಿ ಸೇವೆ ಎಲ್ಲಾದರೂ ಉಂಟೇ.

ಇದರ ಪರಾಕಾಷ್ಠೆ 1999ರ ಕ್ರಿಸ್‌ಮಸ್ ಹೊತ್ತಿಗೆ ನಡೆಯಿತು. ಹಾಟ್‌ಮೇಲ್‌ಗೆ ಲಾಗಿನ್ ಆಗಲು ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ಹೆಸರಿನ ಮೂಲಕ ಹೋಗಬೇಕಿತ್ತು. ಆ ಹೆಸರಿನ ನವೀಕರಣ ಶುಲ್ಕ 35 ಡಾಲರ್ ಕಟ್ಟಲು ಮೈಕ್ರೋಸಾಫ್ಟ್ ಮರೆತುಬಿಟ್ಟಿತು! ಜನ ಲಾಗಿನ್ ಆಗಲಾರದೆ ಒದ್ದಾಡಿದರು. ಮೈಕಲ್ ಚೇನಿ ಎಂಬ ಒಬ್ಬ ಲಿನಕ್ಸ್ ಪ್ರೋಗ್ರಾಮರ್ ಕಾರಣ ಹುಡುಕಿ, ತನ್ನ ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ಆ 35 ಡಾಲರ್ ಕಟ್ಟಿದ. ಮೇಲ್ ಮತ್ತೆ ಶುರುವಾಯಿತು. ಮೈಕ್ರೋಸಾಫ್ಟ್ ಆಮೇಲೆ 500 ಡಾಲರ್ ಚೆಕ್ ಕಳಿಸಿತು, ಅವನು ಅದನ್ನು ಹರಾಜಿಗಿಟ್ಟು ಬಂದ ದುಡ್ಡನ್ನು ದಾನ ಕೊಟ್ಟ. ಊರಿನ ಅಂಚೆ ಕಚೇರಿಗೆ ಬೀಗ ಬಿದ್ದಿದೆ ಅಂತ ದಾರಿಹೋಕನೊಬ್ಬ ಬಾಡಿಗೆ ಕಟ್ಟಿ ತೆಗೆಸಿದ ಹಾಗಾಯಿತು.

ಎಲ್ಲ ತಪ್ಪನ್ನೂ ಪುಕ್ಕಟೆಯ ಮೇಲೆ ಹಾಕುವುದೂ ಸರಿಯಲ್ಲ. ಇನ್ನೊಂದು ಕಾರಣ ಸ್ಪ್ಯಾಮ್. 1978ರ ಮೇ ತಿಂಗಳಲ್ಲಿ ಡಿಇಸಿ ಕಂಪನಿಯ ಗ್ಯಾರಿ ಥುರ್ಕ್ ಎಂಬಾತ ತಮ್ಮ ಹೊಸ ಕಂಪ್ಯೂಟರಿನ ಪ್ರಚಾರಕ್ಕೆ ಅರ್ಪಾನೆಟ್‌ನ ಸುಮಾರು ನಾನೂರು ಜನರಿಗೆ ಒಂದೇ ಮೇಲ್ ಕಳಿಸಿ ಎಲ್ಲರಿಂದ ಬೈಸಿಕೊಂಡ. ಅದು ಒಂದು ಮೇಲ್. ಇಪ್ಪತ್ತೈದು ವರ್ಷದಲ್ಲಿ ಅದು ಪ್ರವಾಹವಾಯಿತು. ಪ್ರವಾಹ ಮೊದಲು ಮುಳುಗಿಸಿದ್ದು ಯಾರನ್ನು ಗೊತ್ತೇ? ಪೋಸ್ಟ್ ಮಾಸ್ಟರನ್ನೇ. ಪ್ರತಿ ತಾಣದಲ್ಲೂ ಇರಲೇಬೇಕಾದ ವಿಳಾಸ, ಎಲ್ಲರಿಗೂ ಗೊತ್ತಿರುವ ಹೆಸರು, ಕಳ್ಳರಿಗೆ ಹುಡುಕುವ ಕಷ್ಟವೇ ಇಲ್ಲ.

ಜೊತೆಗೆ ಬೌನ್ಸ್ ಕೂಡ ಹಾಳಾಯಿತು. ಸ್ಪ್ಯಾಮ್ ಕಳಿಸುವವನು ತನ್ನ ವಿಳಾಸ ಹಾಕುವುದಿಲ್ಲ, ನಿಮ್ಮದೋ ನನ್ನದೋ ಹಾಕುತ್ತಾನೆ. ಸರ್ವರ್ ನಿಯತ್ತಾಗಿ 'ತಲುಪಲಿಲ್ಲ' ಅಂತ ವಾಪಸ್ ಕಳಿಸಿದರೆ ಏನೂ ಅರಿಯದ ನಮ್ಮ ಪೆಟ್ಟಿಗೆಗೆ ಸಾವಿರಾರು ಬೌನ್ಸ್ ಬಂದು ಬೀಳುತ್ತದೆ. ಹಾಗಾಗಿ ದೊಡ್ಡ ಸರ್ವರುಗಳು ಒಂದು ಉಪಾಯ ಕಲಿತವು. 250 ಹೇಳುವುದು, ಒಳಗೆ ತೆಗೆದುಕೊಳ್ಳುವುದು, ಸ್ಪ್ಯಾಮ್ ಅಂತ ಅನ್ನಿಸಿದರೆ ಸದ್ದಿಲ್ಲದೆ ಎಸೆಯುವುದು. ಇಲ್ಲವೇ ಇಲ್ಲ ಎಂದಿದ್ದ ಮೂರನೆಯ ದಾರಿ! 2008ರಲ್ಲಿ ನಿಯಮಗಳನ್ನು ಮತ್ತೆ ಬರೆದಾಗ ಇದರ ಬಗ್ಗೆ ಮುಜುಗರದಿಂದಲೇ ಒಪ್ಪಿಕೊಂಡರು: ಹೀಗೆ ಎಸೆಯುವುದಕ್ಕೆ ವ್ಯವಹಾರದಲ್ಲಿ ಅವಕಾಶವಿದೆ, ಆದರೆ ಇದು ಅತ್ಯಂತ ಅಪಾಯಕಾರಿ, ಪತ್ರ ಒಂದೋ ತಲುಪುತ್ತದೆ ಇಲ್ಲವೇ ವಾಪಸ್ ಬರುತ್ತದೆ ಎಂಬ ಹಳೆಯ ನಂಬಿಕೆಗೆ ಭಂಗ ಎಂದು.

ನಿಯಮ ಉಳಿಸಲು ಕೆಲವರು ಒದ್ದಾಡಿದರು ಕೂಡ. ಪೋಸ್ಟ್ ಮಾಸ್ಟರ್ ವಿಳಾಸ ಇಟ್ಟುಕೊಳ್ಳದ ತಾಣಗಳ ಹೆಸರನ್ನು ಪಟ್ಟಿ ಮಾಡಿ ಪ್ರಕಟಿಸುವ 'ಆರ್‌ಎಫ್‌ಸಿ ಇಗ್ನೊರಂಟ್' ಎಂಬ ತಾಣ ಒಂದಿತ್ತು. ನಿಯಮ ಅರಿಯದ ದಡ್ಡರು ಅಂತ ಅರ್ಥ. ಅದೂ 2012ರಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ಬೇರೊಂದು ವಿಳಾಸ ಜಗತ್ತನ್ನು ಆಳುತ್ತಿತ್ತು: 'ನೋ ರಿಪ್ಲೈ'. ಉತ್ತರಿಸಬೇಡಿ.

ಇದರದ್ದೂ ಒಂದು ಮಜಾ ಇದೆ. 2000ದಲ್ಲಿ ಚೆಟ್ ಫಾಲಿಸ್ಜೆಕ್ ಎಂಬ ಸಿಯಾಟಲ್‌ನ ಪ್ರೋಗ್ರಾಮರ್ 'ಡು ನಾಟ್ ರಿಪ್ಲೈ ಡಾಟ್ ಕಾಮ್' ಎಂಬ ಹೆಸರು ಕೊಂಡಿಟ್ಟುಕೊಂಡ. ಆದದ್ದೇನೆಂದರೆ, ಬ್ಯಾಂಕುಗಳೂ ಕಂಪನಿಗಳೂ ಗಿರಾಕಿಗಳಿಗೆ ಮೇಲ್ ಕಳಿಸುವಾಗ ಯಾರೂ ಉತ್ತರಿಸದಿರಲಿ ಅಂತ ಅದೇ ಹೆಸರಿನ ವಿಳಾಸ ಹಾಕಿಬಿಡುತ್ತಿದ್ದವು, ಅಂಥದ್ದೊಂದು ತಾಣ ನಿಜವಾಗಿ ಇದೆಯೇ ಅಂತ ನೋಡದೆ. ಜನ ಬಿಡುತ್ತಾರೆಯೇ? ಉತ್ತರ ಬರೆದರು. ಖಾತೆಯ ಗುಟ್ಟು, ದೂರು, ಬೈಗುಳ ಎಲ್ಲ ಫಾಲಿಸ್ಜೆಕ್‌ಗೆ ಬಂದು ಬಿದ್ದವು. 2008ರಲ್ಲಿ ಇದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಉತ್ತರಿಸಬೇಡಿ ಅಂತ ಬರೆದಿದ್ದರೂ ಅಷ್ಟು ಜನ ಉತ್ತರಿಸಿದ್ದರು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. 2011ರ ಫೆಬ್ರವರಿ ಕೊನೆಯಲ್ಲಿ ಜಿಮೇಲ್‌ನ ಕೆಲವು ಬಳಕೆದಾರರು, ಗೂಗಲ್ ಕೊಟ್ಟ ಲೆಕ್ಕದಲ್ಲಿ ನೂರಕ್ಕೆ 0.02ರಷ್ಟು ಜನ, ಲಾಗಿನ್ ಆಗಿ ನೋಡಿದರೆ ಪೆಟ್ಟಿಗೆ ಪೂರ್ತಿ ಖಾಲಿ. ಶೇಖರಣೆಯ ತಂತ್ರಾಂಶ ಬದಲಿಸುವಾಗ ಆದ ದೋಷ. ಬೇರೆ ಬೇರೆ ಡೇಟಾ ಸೆಂಟರುಗಳಲ್ಲಿದ್ದ ಪ್ರತಿಗಳಿಗೂ ಅದು ತಟ್ಟಿತ್ತು. ಕೊನೆಗೆ ಕಾಪಾಡಿದ್ದು ಮ್ಯಾಗ್ನೆಟಿಕ್ ಟೇಪ್! ಜಾಲಕ್ಕೆ ಸೇರಿಸದೆ ಪ್ರತ್ಯೇಕ ಎತ್ತಿಟ್ಟಿದ್ದ ಟೇಪುಗಳಿಂದ ಮೇಲ್ ಮರಳಿ ತುಂಬಿದರು. ಅಂದರೆ ಅಂಥ ಕಡೆ ಒಳಗೆ ಕೆಲಸ ಮಾಡುವವರು ನಿಷ್ಠೆಯ ಜನ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಲಕ್ಷ ಪೆಟ್ಟಿಗೆ ಒಟ್ಟಿಗೆ ಖಾಲಿಯಾದರೆ ಅವರಿಗೆ ಕಾಣುತ್ತದೆ. ಒಬ್ಬ ಅಪ್ಪನ ಒಂದು ಪೆಟ್ಟಿಗೆಗೆ ಬೀಗ ಬಿದ್ದರೆ ಕಾಣುವ ಕಿಟಕಿಯೇ ಆ ಕಟ್ಟಡದಲ್ಲಿಲ್ಲ.

ಹಳೆಯ ಅಂಚೆ ಬಹಳ ಒಳ್ಳೆಯದಿತ್ತು ಅಂತ ಹಾಡಲು ನಾನು ಹೊರಟಿಲ್ಲ. ಮೈಸೂರಿನಲ್ಲಿ 1672ರಲ್ಲಿ ಚಿಕ್ಕದೇವರಾಜ ಒಡೆಯರು ಶುರುಮಾಡಿದ ಅಂಚೆಯ ಅಧಿಕಾರಿಗಳು ಗೂಢಚಾರರೂ ಆಗಿದ್ದರು, ಊರಿನ ಸುದ್ದಿಯೆಲ್ಲ ಅರಮನೆಗೆ ಮುಟ್ಟಿಸುತ್ತಿದ್ದರು ಅಂತ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. (2017ರ ತನಕ ಜಿಮೇಲ್ ಜಾಹೀರಾತಿಗಾಗಿ ನಮ್ಮ ಪತ್ರಗಳ ಪದ ಹುಡುಕುತ್ತಿತ್ತಲ್ಲ, ಆ ವಿದ್ಯೆಗೆ ಮುನ್ನೂರು ವರ್ಷದ ಪರಂಪರೆ ಇದೆ ಅಂತಾಯಿತು.) ಇನ್ನು 1898ರ ಭಾರತೀಯ ಅಂಚೆ ಕಾಯ್ದೆಯ ಆರನೇ ಕಲಂ ಪ್ರಕಾರ, ಪತ್ರ ಕಳೆದರೂ ತಡವಾದರೂ ತಪ್ಪು ಮನೆಗೆ ಹೋದರೂ, ತಾನಾಗಿ ಹೊಣೆ ಹೊತ್ತ ಸಂದರ್ಭ ಬಿಟ್ಟರೆ, ಸರ್ಕಾರ ಜವಾಬ್ದಾರಿಯಲ್ಲ. ಆ ಕಾಯ್ದೆ ಹೋಗಿ 2023ರ ಹೊಸದು 2024ರ ಜೂನ್‌ನಲ್ಲಿ ಜಾರಿಗೆ ಬಂತು. ನಾವು ನಂಬಿಕೊಂಡಿದ್ದ ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ಲೀನವಾಯಿತು. ಕಾಗದದ ಮೇಲೆ ನೋಡಿದರೆ ಪೋಸ್ಟೆಲ್‌ನ ನಿಯಮ ಅಂಚೆ ಕಾಯ್ದೆಗಿಂತ ಎಷ್ಟೋ ಉದಾರ. ವ್ಯತ್ಯಾಸ ಒಂದೇ, ಇಲ್ಲಿ ಜಗಲಿಯಲ್ಲಿ ಒಬ್ಬರು ಕೂತಿರುತ್ತಾರೆ.

ಇಷ್ಟೆಲ್ಲ ಬೈದ ಮೇಲೆ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ನಮ್ಮ ಟೀಮ್ ಗಿರಾಕಿಗಳಿಗೆ ದಿನಾ ಸಾವಿರಾರು ಮೇಲ್ ಕಳಿಸುತ್ತದೆ. ಕಳಿಸುವ ವಿಳಾಸ 'ನೋ ರಿಪ್ಲೈ'. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಸಾಲನ್ನು ಬರೆದವನು ನಾನೇ. ಅದಕ್ಕೆ ಬಂದ ಉತ್ತರವನ್ನು ಒಪ್ಪಿಕೊಂಡು ಎಸೆದುಬಿಡುವಂತೆ ಮಾಡಿದವನೂ ನಾನೇ, 250 ಹೇಳಿ! ಮೊನ್ನೆ ಮ್ಯಾನೇಜರ್ ಒಪ್ಪಿಗೆ ಪಡೆದು ಒಂದು ವಾರ ಎಸೆಯುವುದನ್ನು ನಿಲ್ಲಿಸಿ ನೋಡಿದೆ. ಹೆಚ್ಚಿನದು ಕಸ, ರಜೆಯಲ್ಲಿದ್ದೇನೆ ಎಂಬ ತಂತಾನೇ ಬರುವ ಉತ್ತರಗಳು. ಅದರ ಮಧ್ಯೆ ಹನ್ನೊಂದು ಮನುಷ್ಯರು. ಒಬ್ಬರು ಧನ್ಯವಾದ ಅಂತಷ್ಟೇ ಬರೆದಿದ್ದರು. ಒಬ್ಬರು, ತಮ್ಮ ಗಂಡ ತೀರಿಕೊಂಡಿದ್ದಾರೆ, ಅವರ ಹೆಸರಿಗೆ ಜ್ಞಾಪನೆ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ ಅಂತ ಬರೆದಿದ್ದರು. ಇದು ನಾಲ್ಕನೇ ಸಲ ಕೇಳುತ್ತಿರುವುದು ಅಂತಲೂ ಇತ್ತು. ಮೊದಲಿನ ಮೂರು ಎಲ್ಲಿ ಹೋದವು ಅಂತ ನನಗೆ ಚೆನ್ನಾಗಿ ಗೊತ್ತು. ಅವತ್ತು ಸಂಜೆಯೇ ಆ ಹೆಸರು ತೆಗೆಸಿ, ನನ್ನ ಹೆಸರು ಹಾಕಿ ಕ್ಷಮೆ ಕೇಳಿ ಬರೆದೆ. ಉಳಿದವರಿಗೆ ಉತ್ತರ ಬರೆಯಲು ನಾಲ್ಕು ಸಂಜೆ ಹಿಡಿಯಿತು. ವಿಳಾಸ ಬದಲಾಯಿಸೋಣ ಎಂದರೆ, ದಿನಾ ಕೂತು ಓದುವವರು ಯಾರು ಅಂತ ಮೀಟಿಂಗಿನಲ್ಲಿ ಕೇಳಿದರು. ಇನ್ನೂ ತೀರ್ಮಾನವಾಗಿಲ್ಲ.

ಚಿಕ್ಕಪ್ಪನ ಅರವತ್ತರ ಶಾಂತಿ ಹೋದ ವಾರ ಮುಗಿಯಿತು. ಪುಸ್ತಕ ಆಗಲಿಲ್ಲ. ಅವತ್ತು ರಾತ್ರಿ ಬೆಂಗಳೂರಿಗೆ ವಾಪಸ್ ಬಂದವನೇ, ಬಾಡಿಗೆಗೆ ಇಟ್ಟುಕೊಂಡಿರುವ ನನ್ನದೇ ಒಂದು ಸಣ್ಣ ಸರ್ವರಿನಿಂದ ಆ ಕಂಪನಿಯ ಪೋಸ್ಟ್ ಮಾಸ್ಟರ್ ವಿಳಾಸಕ್ಕೆ ಒಂದು ಪತ್ರ ಬರೆದೆ. ಅಜ್ಜನ ವಿಷಯ, ಪಾಸ್‌ವರ್ಡ್ ಸರಿ ಇರುವ ವಿಷಯ, ಅಪ್ಪ ಯಾವ ಗುರುತಿನ ಚೀಟಿ ಬೇಕಾದರೂ ತೋರಿಸಲು ತಯಾರಿರುವ ವಿಷಯ. ಲಾಗ್ ತೆರೆದು ನೋಡುತ್ತಾ ಕೂತೆ. ಹಲೋ ಹೇಳಿತು. ಯಾರಿಂದ, ಯಾರಿಗೆ ಹೇಳಿತು. ಚುಕ್ಕಿ ಇಟ್ಟಿತು. 250 ಬಂತು. ಐದು ದಿನ ಕಳೆದಿದೆ, ಬೌನ್ಸ್ ಬಂದಿಲ್ಲ.

ಅಪ್ಪ ನಿನ್ನೆ ಫೋನ್ ಮಾಡಿದಾಗ ಕೇಳಿದರು, "ಪೋಸ್ಟ್ ಮಾಸ್ಟರ್ ಏನಂದ್ರೋ?"

"ತಲುಪಿದೆ ಅಂತ ಬಂದಿದೆ ಅಪ್ಪ, ಉತ್ತರ ಬಂದಿಲ್ಲ."

"ಬರತ್ತೆ ಬಿಡು," ಅಂದರು. "ಕೊನೆ ಕೊಯ್ಲಿನ ಟೈಮು. ಅವರಿಗೂ ಕೆಲಸ ಇರತ್ತೆ."